ಬಾಲ ನೋಡದೆ ಬರೆದ ಉಪಪ್ರಭೇದ

ಮಾನ್ಯರೇ,

ಜೈಸಲ್ಮೇರ್‌ನ ‘ಕಪ್ಪು ನೆಲಗುಬ್ಬಿ’ ಮರುಭೂಮಿ ನೆಲಗುಬ್ಬಿಯ ‘ಆ್ಯನೀ’ ಉಪಪ್ರಭೇದ (ಒಂದೇ ಪ್ರಭೇದದ ಪ್ರಾದೇಶಿಕ ಬಗೆ) ಎಂದು ನಿಮ್ಮ ಪತ್ರಿಕೆಯಲ್ಲಿ ವರದಿ ಬಂದಾಗಿನಿಂದ ಫೋನು ಕೆಳಗಿಡಲು ಬಿಟ್ಟಿಲ್ಲ. ಎಲ್ಲ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಅದೇ ಚಿತ್ರ, ‘ಪಟ್ಟಿಗೆ ಸೇರಿಸಲಾ ಸರ್?’ ಎಂಬ ಅದೇ ಪ್ರಶ್ನೆ. ಅಚ್ಚಿಗೆ ಹೋಗಬೇಕಿದ್ದ ಹಕ್ಕಿಪಟ್ಟಿ ಮೇಜಿನ ಮೇಲೇ ಬಿದ್ದಿದೆ, ಪ್ರೆಸ್ಸಿನವರ ಬೈಗುಳ ಬೇರೆ. ನಿಮ್ಮ ವರದಿಗಾರರು ಆರಾಮಾಗಿದ್ದಾರೆ ತಾನೇ?

ವರದಿ ಹೇಳುವ ‘ಆ್ಯನೀ’ ಉಪಪ್ರಭೇದ ಇರುವುದು ಜೋರ್ಡಾನ್, ದಕ್ಷಿಣ ಸಿರಿಯಾದ ಕಪ್ಪು ಬಸಾಲ್ಟ್ ನೆಲದಲ್ಲಿ. ಅಲ್ಲಿಂದ ಜೈಸಲ್ಮೇರ್‌ಗೆ 3,000 ಕಿ.ಮೀ.ಗೂ ಹೆಚ್ಚು. ವಲಸೆಯ ಅಭ್ಯಾಸವೇ ಇಲ್ಲದ ಹಕ್ಕಿ ವೀಸಾ ಮಾಡಿಸಿಕೊಂಡು ಬಂತೇ? ಮೊರಾಕ್ಕೊದಿಂದ ಥಾರ್‌ವರೆಗೆ ಹಬ್ಬಿರುವ ಮರುಭೂಮಿ ನೆಲಗುಬ್ಬಿಯಲ್ಲಿ (ಅಮ್ಮೋಮ್ಯಾನಿಸ್ ಡೆಸರ್ಟಿ) 20ಕ್ಕೂ ಹೆಚ್ಚು ಉಪಪ್ರಭೇದಗಳಿವೆ. ಆಯಾ ನೆಲದ ಬಣ್ಣಕ್ಕೆ ಮೈಬಣ್ಣ ಹೊಂದಿಕೊಂಡಿರುವುದರಿಂದ ಈ ವೈವಿಧ್ಯ; ಹಲವೆಡೆ ಒಂದು ಮುಗಿದು ಇನ್ನೊಂದು ಶುರುವಾಗುವುದೆಲ್ಲಿ ಎಂದು ಗೆರೆ ಎಳೆಯಲಾಗದು. ವಾಯವ್ಯ ಭಾರತದ್ದು ಫೀನಿಕ್ಯುರಾಯ್ಡಿಸ್ ಎಂಬ ಉಪಪ್ರಭೇದ, 1853ರಲ್ಲಿ ಪಕ್ಷಿವಿಜ್ಞಾನಿ ಬ್ಲೈತ್ ಹೆಸರಿಟ್ಟದ್ದು.

ನೀವು ಅಚ್ಚು ಹಾಕಿದ ‘ಕಪ್ಪು’ ಹಕ್ಕಿ ಅದೂ ಅಲ್ಲ. ಬಾಲ ನೋಡಿ. ತುಕ್ಕುಗೆಂಪು ಬಾಲದ ತುದಿಗೆ ಸ್ಪಷ್ಟ ಅಂಚಿನ ಕಪ್ಪು ಪಟ್ಟಿ, ಹೊಟ್ಟೆಯೂ ಕೆಂಪು. ಅದು ಕೆಂಪುಬಾಲದ ನೆಲಗುಬ್ಬಿ, ಅಮ್ಮೋಮ್ಯಾನಿಸ್ ಫೀನಿಕ್ಯುರಾ. ಕುಲ ಒಂದೇ, ಪ್ರಭೇದ ಬೇರೆ. ದಖ್ಖನ್ನಿನ ಉಳುಮೆ ಹೊಲಗಳಲ್ಲಿ ಅಪರೂಪವೇನಲ್ಲ. ಮರುಭೂಮಿಯದರ ಬಾಲದಲ್ಲಿ ಬುಡದ ಕೆಂಪು ತುದಿಯತ್ತ ಕಂದಾಗಿ ಮಬ್ಬಾಗುತ್ತದೆಯೇ ಹೊರತು ಹಾಗೆ ಪಟ್ಟಿ ಕಟ್ಟುವುದಿಲ್ಲ.

ಉಪಪ್ರಭೇದ ಹೇಳಲು ಹಕ್ಕಿ ಕೈಯಲ್ಲಿರಬೇಕು. ಮಡಿಸಿದ ರೆಕ್ಕೆ, ಬಾಲ, ತಲೆಬುರುಡೆಯಿಂದ ಕೊಕ್ಕಿನ ತುದಿ, ಎಲ್ಲವೂ ಮಿಲಿಮೀಟರಿನಲ್ಲಿ. ಗಂಡು ತುಸು ದೊಡ್ಡದು, ಹಾಗಾಗಿ ಗಂಡನ್ನು ಗಂಡಿನ ಜತೆಗೇ ಹೋಲಿಸಬೇಕು. ತಿಂಗಳೂ ಹೊಂದಬೇಕು: ಮರಿ ಮಾಡಿ ಮುಗಿಸಿದ ಮೇಲೆ ಬಂದ ಹೊಸ ಗರಿ ಮುಂದಿನ ಬೇಸಿಗೆಗೆ ಬಿಳಿಚಿಕೊಂಡು, ಅಂಚು ಸವೆದು ಬೇರೆಯೇ ಹಕ್ಕಿಯಂತೆ ಕಾಣುತ್ತದೆ. ದೂಳಿನಲ್ಲಿ ಹೊರಳಿದ ಮೇಲಂತೂ ಕೇಳುವುದೇ ಬೇಡ. ಆಮೇಲೆ ಮುಂಬೈನ ನಿಸರ್ಗ ಇತಿಹಾಸ ಸಂಸ್ಥೆ ಬಿಎನ್‌ಎಚ್‌ಎಸ್‌ನಂಥ ಸಂಗ್ರಹದ ಮಾದರಿಗಳ ಪಕ್ಕ ಇಟ್ಟು ನೋಡಬೇಕು. ಸಂಜೆ ಬಿಸಿಲಲ್ಲಿ ಮೊಬೈಲು ಹಿಡಿದರೆ ಯಾವ ಹಕ್ಕಿಯೂ ಕೆಂಪೇ.

ಇಷ್ಟಾದರೂ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ‘ಬಣ್ಣದಿಂದಲೇ ಖಚಿತ’ ಎಂದರಂತೆ! ಭೇಷ್. ಕಾಲಿಗೆ ಉಂಗುರ ತೊಡಿಸಿ ಅಳತೆ ತೆಗೆಯುತ್ತೇವೆ, ಅನುಮತಿ ಕೊಡಿ ಎಂದು ಅರ್ಜಿ ಹಾಕಿದಾಗ ಮಾತ್ರ ಇದೇ ಮಂದಿಗೆ ಯಾವುದೂ ಖಚಿತವಿರುವುದಿಲ್ಲ. ಮೊದಲು ನಕ್ಷೆ, ಆಮೇಲೆ ಇನ್ನೊಂದು ನಕ್ಷೆ, ಆಮೇಲೆ ಸಾಹೇಬರು ವರ್ಗವಾದರು, ಕಡೆಗೆ ಋತುವೇ ಮುಗಿಯಿತು. ವೀಕ್ಷಣಾ ಗೋಪುರದ ಫಲಕದಲ್ಲಿ ಹೆಣ್ಣು ಗುಬ್ಬಚ್ಚಿಯ ಚಿತ್ರದ ಕೆಳಗೆ ‘ನೆಲಗುಬ್ಬಿ’ ಎಂದು ಬರೆಸಿದವರೂ ಇವರೇ. ಹೇಳಿ ಹೇಳಿ ಸಾಕಾಯಿತು. ಫಲಕದ ಬಣ್ಣ ಮಾಸಿತು, ಹೆಸರು ಮಾತ್ರ ಹಾಗೇ ಇದೆ. ಅಲ್ಲಿನ ಶೌಚಾಲಯದ ಬೀಗದ ಕಥೆ ಎತ್ತಿದರೆ ಈ ಪತ್ರ ಮುಗಿಯದು.

ಕೂಡಲೇ ತಿದ್ದುಪಡಿ ಹಾಕಿ, ಅಷ್ಟೇ ದೊಡ್ಡದಾಗಿ. ಇಲಾಖೆಯ ಮೇಲಿನವರೂ ಏನಾದರೂ ಕ್ರಮ ಕೈಗೊಳ್ಳಲಿ. ಆಗದಿದ್ದರೆ ಹಕ್ಕಿಗಳ ಸುದ್ದಿಯನ್ನೇ ಬಿಟ್ಟು ಆ ಜಾಗಕ್ಕೆ ಜಾಹೀರಾತು ಹಾಕಿಕೊಳ್ಳಿ. ಅದರಿಂದ ಯಾರ ಪಟ್ಟಿಯೂ ಕೆಡುವುದಿಲ್ಲ.

– ನೊಂದ ಹಕ್ಕಿವೀಕ್ಷಕ