ಸ್ಕ್ಯಾನ್ ಮಾಡುವವರ ಪಕ್ಕದಲ್ಲಿ ಒಬ್ಬ ಕ್ಯಾಟಲಾಗರ್‌ಗೂ ಕುರ್ಚಿ ಹಾಕಿಸಿ

ಕೋಲಾರದ ಮಾನ್ಯ ಶಾಸಕರಿಗೆ ನಮಸ್ಕಾರ.

ಡಿಜಿಟಲ್ ಗ್ರಂಥಾಲಯಕ್ಕೆ ಹಳೇ ಪುಸ್ತಕ ಸ್ಕ್ಯಾನ್ ಮಾಡಿಸುವಾಗ ಕ್ಯಾಟಲಾಗ್ ಕೆಲಸಕ್ಕೂ ಜನ, ದುಡ್ಡು ಇಡಿಸಿ ಅಂತ ಕೇಳಲು ಈ ಪತ್ರ. ನಾನು ಗ್ರಂಥಾಲಯದಲ್ಲಿ ಕ್ಯಾಟಲಾಗ್ ಮಾಡಿ, ಅಂದರೆ ಪ್ರತಿ ಪುಸ್ತಕದ ಹೆಸರು, ಲೇಖಕರು, ಇಸವಿ ನೋಡಿ ಪಟ್ಟಿಗೆ ಸೇರಿಸಿ, ನಿವೃತ್ತನಾದವನು. ಪೂರ್ತಿ ಓದಿದ ಪುಸ್ತಕಗಳಿಗಿಂತ ಮೊದಲ ಪುಟ, ಕೊನೆಯ ಪುಟ ಮಾತ್ರ ನೋಡಿದ ಪುಸ್ತಕಗಳೇ ಜಾಸ್ತಿ.

ಹಳೇ ಪುಸ್ತಕಗಳನ್ನು ಸ್ಕ್ಯಾನ್ ಮಾಡುತ್ತಿದ್ದ ಒಂದು ಕಡೆ ಕೆಲವು ದಿನ ಸಹಾಯಕ್ಕೆ ಹೋಗಿದ್ದೆ. ಎಲ್ಲಿ ಅನ್ನುವುದು ಬೇಡ. ಅಲ್ಲಿನ ಹುಡುಗರ ತಪ್ಪೂ ಅಲ್ಲ. ಅವರಿಗೆ ಪುಟಕ್ಕೆ ಇಷ್ಟು ಅಂತ ದುಡ್ಡು, ಕೈ ಓಡಲೇಬೇಕು. ಒಂದು ತೆಳು ಪುಸ್ತಕ ಬಂತು. ಅದರಲ್ಲಿ ಇಸವಿ ಇಲ್ಲ, 'ರುಧಿರೋದ್ಗಾರಿ ಸಂವತ್ಸರ' ಅಂತಷ್ಟೇ ಇದೆ. ಹುಡುಗ ಮೊಬೈಲಿನಲ್ಲಿ ನೋಡಿ 1983 ಅಂತ ತುಂಬಿದ. ಆದರೆ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಅಲ್ವಾ? ಹಿಂದಿನ ರಟ್ಟು ತಿರುಗಿಸಿದೆ. 'ಬೆಲೆ ಆರಾಣೆ' ಅಂತಿತ್ತು. 1957ರಲ್ಲಿ ನಯಾಪೈಸೆ ಬಂದ ಮೇಲೆ ಆಣೆ ಲೆಕ್ಕ ಹೋಯಿತು. ಅಂದರೆ ಪುಸ್ತಕ 1983ರದ್ದಲ್ಲ, ಬಹುಶಃ ಅದರ ಹಿಂದಿನ ಸುತ್ತಿನ 1923-24ರದ್ದು. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷಕ್ಕೆ ಗುತ್ತಿಗೆಯಲ್ಲಿ ದುಡ್ಡಿರಲಿಲ್ಲ.

ನಮ್ಮ ಜಿಲ್ಲೆಯ ಮಾಸ್ತಿಯವರನ್ನೇ ನೋಡಿ. ಒಂದು ಪುಸ್ತಕದ ಮೇಲೆ ಅವರ ಕಾವ್ಯನಾಮ 'ಶ್ರೀನಿವಾಸ' ಅಂತಿರುತ್ತದೆ, ಇನ್ನೊಂದರ ಮೇಲೆ 'ಮಾಸ್ತಿ ವೆಂಕಟೇಶ ಅಯ್ಯಂಗಾರ್'. 'ಐಯ್ಯಂಗಾರ್' ಅಂತ ಟೈಪ್ ಮಾಡುವವರೂ ಉಂಟು. ನಮಗೆ ಒಬ್ಬರೇ, ಕಂಪ್ಯೂಟರಿಗೆ ಮೂರು ಜನ! ಇವರೆಲ್ಲ ಒಬ್ಬರೇ ಅಂತ ಗಂಟು ಹಾಕುವವನು ಕ್ಯಾಟಲಾಗರ್. ಈ 'ಶ್ರೀನಿವಾಸ' ಬೇರೆ ಶ್ರೀನಿವಾಸ ಅಂತ ಬಿಡಿಸಿ ಇಡುವವನೂ ಅವನೇ. ಸುಮ್ನೆ ಶಿಸ್ತಿಗಾಗಿ ಹೇಳುತ್ತಿಲ್ಲ. ಲೇಖಕರು ತೀರಿಕೊಂಡ ಮೇಲೆ ಅರವತ್ತು ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಮಾಸ್ತಿಯವರು ಹೋಗಿದ್ದು 1986ರಲ್ಲಿ, ಹಾಗಾಗಿ 2046 ಮುಗಿಯುವವರೆಗೆ ಹಕ್ಕು ಇದೆ. ಹೆಸರು ತಪ್ಪಿದರೆ ನೆಟ್ಟಿಗೆ ಹಾಕಬಾರದ ಪುಸ್ತಕ ಎಲ್ಲರಿಗೂ ತೆರೆದುಕೊಳ್ಳುತ್ತದೆ, ಹಾಕಬಹುದಾದದ್ದು ಬೀಗದೊಳಗೆ ಕೂರುತ್ತದೆ.

ಇನ್ನು 'ನುಡಿ' ಅನ್ನೋ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ತುಂಬಿದ ಪಟ್ಟಿಗಳ ಕಥೆ. ಅವನ್ನು ಈಗಿನ ಕಂಪ್ಯೂಟರ್, ಮೊಬೈಲ್ ಎಲ್ಲ ಓದುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬದಲಿಸದೆ ಹಾಗೇ ಸೇರಿಸಿದರೆ ಪರದೆ ಮೇಲೆ ಅಕ್ಷರಗಳ ಚಿತ್ರಾನ್ನ. 'ಕೋಲಾರ' ಅಂತ ಹುಡುಕಿದರೆ ಏನೂ ಸಿಗಲ್ಲ.

ಜನ ಇಲ್ಲ ಅನ್ನಬೇಡಿ. ಗ್ರಂಥಾಲಯ ವಿಜ್ಞಾನ ಓದಿ ಕೆಲಸ ಹುಡುಕುತ್ತಿರುವ ಮಕ್ಕಳು ನಮ್ಮೂರಲ್ಲೇ ಇದ್ದಾರೆ. ದುಡ್ಡಿನ ಮಾತಿಗೆ ಬಂದರೆ, ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಅಂತ ನಾವೆಲ್ಲ ಕಟ್ಟುತ್ತಿದ್ದೇವೆ.

ಜಿಲ್ಲೆಯ ಡಿಜಿಟಲ್ ಗ್ರಂಥಾಲಯದ ಯಾವುದೇ ಕಡತ ನಿಮ್ಮ ಮುಂದೆ ಬಂದರೆ ಎರಡು ವಿಷಯ ಕೇಳಿ. ಕ್ಯಾಟಲಾಗ್ ಕೆಲಸಕ್ಕೆ ಬೇರೆಯಾಗಿ ಎಷ್ಟು ಇಟ್ಟಿದ್ದಾರೆ? ತುಂಬಿದ ಮಾಹಿತಿಯನ್ನು ಪುಸ್ತಕ ಕೈಯಲ್ಲಿ ಹಿಡಿದು ಯಾರು ತಾಳೆ ನೋಡುತ್ತಾರೆ? ಆಮೇಲೆ ಬಿಲ್ ಪಾಸ್ ಆಗುವ ಮೊದಲು ಒಂದು ದಿನ ನೀವೇ ಬನ್ನಿ. ಕಪಾಟಿನಿಂದ ಕೈಗೆ ಸಿಕ್ಕ ಹತ್ತು ಪುಸ್ತಕ ತೆಗೆಯಿರಿ. ನಿಮ್ಮ ಮೊಬೈಲಿನಲ್ಲೇ, ಕನ್ನಡದಲ್ಲಿ, ಲೇಖಕರ ಹೆಸರು ಹಾಕಿ ಹುಡುಕಿ. ಎಷ್ಟು ಸಿಕ್ಕವು ಅಂತ ಅಲ್ಲೇ ಕಡತದ ಮೇಲೆ ಬರೆಯಿರಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ