ಬೆಟ್ಟ ಹತ್ತುವ ಅವಸರ ಬೇಡ, ಪುಟ್ಟಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಪತ್ರ ಬಂತು. ಚಾಮುಂಡಿ ಬೆಟ್ಟಕ್ಕೆ ಹಕ್ಕಿ ನೋಡಲು ಹೋಗಿದ್ದೆ ಅಂತ ಓದಿ ಎಷ್ಟು ಖುಷಿ ಆಯ್ತು ಗೊತ್ತಾ! ಆದರೆ ಕೊನೆಯಲ್ಲಿ, "ಏನೂ ಸಿಗಲಿಲ್ಲ ದೊಡ್ಡಮ್ಮ, ಬರೀ ಗೊರವಂಕ, ಪಿಕಳಾರ. ಬೇರೆಯವರಿಗೆಲ್ಲ ಆ ಬಣ್ಣಬಣ್ಣದ ನವರಂಗ ಹಕ್ಕಿ ಸಿಕ್ಕಿದೆ" ಅಂತ ಬರೆದಿದ್ದೀಯಲ್ಲ, ಅದಕ್ಕೇ ಈ ಉದ್ದದ ಕಾಗದ.

ಮೊದಲು ಆ "ಬರೀ ಪಿಕಳಾರ"ದ ವಿಷಯ. ಯಾವ ಪಿಕಳಾರ ಅಂತ ನೀನು ಬರೆದೇ ಇಲ್ಲ. ಜುಟ್ಟು ನಿಲ್ಲಿಸಿಕೊಂಡು, ಕೆನ್ನೆಯ ಮೇಲೆ ಕೆಂಪು ಚುಕ್ಕೆ ಇರುವ ಕೆಮ್ಮೀಸೆ ಪಿಕಳಾರವೋ? ಕಪ್ಪು ತಲೆಯ, ಬಾಲದ ಬುಡ ಕೆಂಪಗಿರುವ ಇನ್ನೊಂದೋ? ಮೂರನೆಯದೂ ಒಂದಿದೆ. ಬಿಳಿ ಹುಬ್ಬಿನದು. ಮಾಸಲು ಹಸಿರು ಮೈ, ನೋಡಲು ಸಾಧಾರಣ. ಪೊದೆಯೊಳಗಿನಿಂದ ಇದ್ದಕ್ಕಿದ್ದಂತೆ ಗಡಗಡನೆ ಒಂದು ಹಾಡು ಸಿಡಿಸಿ ಸುಮ್ಮನಾಗಿಬಿಡುತ್ತದೆ. ಹುಡುಕಿದರೆ ಕಣ್ಣಿಗೆ ಬೀಳುವುದಿಲ್ಲ. ಇದು ಕುರುಚಲು ಕಾಡಿನ ಹಕ್ಕಿ, ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇಲ್ಲ. ದೂರದ ಊರುಗಳಿಂದ ಬಂದವರು ಇದನ್ನು ನೋಡಲು ಕಾಯುತ್ತಾರೆ. ನೀನು ಅದರ ಪಕ್ಕದಲ್ಲೇ ಮೆಟ್ಟಿಲು ಹತ್ತಿಕೊಂಡು ಹೋಗಿರಬಹುದು!

ಅದಕ್ಕೇ ಹೇಳುತ್ತೇನೆ, ಮುಂದಿನ ಸಲ ತುದಿ ಮುಟ್ಟಲೇಬೇಕು ಅಂತ ಹೊರಡಬೇಡ. ದೊಡ್ಡ ದೇವರಾಜ ಒಡೆಯರು 17ನೇ ಶತಮಾನದಲ್ಲಿ ಸಾವಿರ ಮೆಟ್ಟಿಲು ಹಾಕಿಸಿದ್ದು ದೇವಿಯ ದರ್ಶನಕ್ಕೆ. ಅಲ್ಲಿಗೆ ಹೋಗುವ ದಿನ ಭಕ್ತಿಯಿಂದ ಪೂರ್ತಿ ಹತ್ತು. ಹಕ್ಕಿಗೆ ಹೋದ ದಿನ ಪಾದದಿಂದ ನಂದಿಯವರೆಗೂ ಹೋಗಬೇಕಿಲ್ಲ. ಹೂ ಬಿಟ್ಟ ಒಂದು ಮರ ನೋಡಿಕೋ. ಸ್ವಲ್ಪ ದೂರದಲ್ಲಿ ಮೆಟ್ಟಿಲ ಅಂಚಿಗೆ ಕೂತುಬಿಡು. ಮೊದಲ ಹತ್ತು ನಿಮಿಷ ಏನೂ ಕಾಣುವುದಿಲ್ಲ. ನೀನು ಬಂದದ್ದಕ್ಕೆ ಎಲ್ಲ ಅಡಗಿರುತ್ತವೆ. ಆಮೇಲೆ ಒಂದೊಂದೇ ಹೊರಗೆ ಬರುತ್ತವೆ.

ಈಗ ಮುತ್ತುಗ ಹೂ ಬಿಡುವ ಕಾಲ. ಎಲೆ ಉದುರಿ ಮರ ಪೂರ್ತಿ ಕೇಸರಿ ಆಗಿರುತ್ತದೆ. ಮುತ್ತುಗದ ಕೆಳಗೆ ಒಂದು ಗಂಟೆ ಕೂತವರಿಗೆ ಆ ಬೆಟ್ಟದ ಅರ್ಧ ಹಕ್ಕಿಗಳ ಪರಿಚಯ ಆಗುತ್ತದೆ. ಸೂರಕ್ಕಿ ಬರುತ್ತದೆ, ಗಂಡಿಗೆ ಈಗ ಮಿಂಚುವ ನೀಲಿ ಕಪ್ಪು ಬಣ್ಣ. ಕಾಜಾಣ ಬಂದು ಮಕರಂದ ಕುಡಿಯುತ್ತದೆ, ಜೊತೆಗೆ ಹೂವಿಗೆ ಬಂದ ಹುಳುವನ್ನೂ ಹಿಡಿಯುತ್ತದೆ. ಅವುಗಳ ತಲೆಗೆ ಅಂಟಿದ ಪರಾಗವೇ ಮರದಿಂದ ಮರಕ್ಕೆ ಹೋಗುವುದು. ಅದೃಷ್ಟ ಇದ್ದರೆ ಗುಲಾಬಿ ಮೈಯ ಕಬ್ಬಕ್ಕಿಗಳ ಹಿಂಡು ಗಲಾಟೆ ಮಾಡಿಕೊಂಡು ಇಳಿಯುತ್ತದೆ. ಚಳಿಗಾಲ ಇಲ್ಲಿ ಕಳೆದು, ಇನ್ನು ಸ್ವಲ್ಪ ದಿನದಲ್ಲೇ ಮಧ್ಯ ಏಷ್ಯಾದ ಕಡೆಗೆ ಮರಿ ಮಾಡಲು ಹೊರಡುವ ಹಕ್ಕಿ ಅದು. ಅಷ್ಟು ದೂರದ ಪ್ರಯಾಣಕ್ಕೆ ಮೊದಲು ನಮ್ಮ ಮುತ್ತುಗದ ಮರದಲ್ಲೂ ಅದಕ್ಕೆ ಊಟ.

ಇನ್ನು ಕಿವಿ. ವಸಂತದಲ್ಲಿ ಕಣ್ಣಿಗಿಂತ ಕಿವಿಗೇ ಕೆಲಸ ಜಾಸ್ತಿ. ಟಂಕ್ ಟಂಕ್ ಅಂತ ತಾಮ್ರ ಬಡಿದ ಹಾಗೆ ಒಂದೇ ಲಯದಲ್ಲಿ ಕೂಗುವುದು ಕಂಚುಗಾರ ಹಕ್ಕಿ. ಕುಟ್ರೂ ಕುಟ್ರೂ ಅಂತ ಕೂಗುವುದು ಅದರ ದೊಡ್ಡ ನೆಂಟ. ಎರಡೂ ಒಣಗಿದ ಕೊಂಬೆಯಲ್ಲಿ ತೂತು ಕೊರೆದು ಗೂಡು ಮಾಡುತ್ತವೆ. ಹಾಗಾಗಿ ಒಣ ಕೊಂಬೆ ಕಂಡರೆ ಅದರ ಕೆಳಭಾಗವನ್ನೂ ನೋಡು. ದನಿ ಏರಿಸುತ್ತಾ ಏರಿಸುತ್ತಾ ತಲೆ ಕೆಡಿಸುವಂತೆ ಕೂಗುವುದು ಬ್ರೇನ್‌ಫೀವರ್ ಹಕ್ಕಿ. ಅದು ಹರಟೆಮಲ್ಲನ ಗೂಡಿನಲ್ಲಿ ಮೊಟ್ಟೆ ಇಡುತ್ತದೆ, ಕೋಗಿಲೆ ಕಾಗೆಗೆ ಮಾಡುವ ಹಾಗೆಯೇ. ಲಂಟಾನಾ ಪೊದೆಯೊಳಗಿಂದ ಬರುವ ಚಕ್ ಚಕ್ ಸದ್ದು ಬ್ಲೈತ್ಸ್ ರೀಡ್ ವಾರ್ಬ್ಲರ್ ಅನ್ನುವ ಪುಟ್ಟ ಹಕ್ಕಿಯದಿರಬಹುದು. ಅದು ಕೂಡ ವಲಸೆಯದೇ. ಬೇಸಿಗೆ ಬಲಿಯುವ ಹೊತ್ತಿಗೆ ಆ ಸದ್ದು ನಿಂತುಹೋಗುತ್ತದೆ. ನಿಂತ ದಿನವನ್ನು ಬರೆದಿಟ್ಟುಕೋ.

ಮೊಬೈಲಿನಲ್ಲಿ ಮರ್ಲಿನ್ ಹಾಕಿಕೊಂಡಿದ್ದೀಯ ಅಂತ ಗೊತ್ತಾಯ್ತು, ಅದೇ ದನಿ ಕೇಳಿ ಹಕ್ಕಿಯ ಹೆಸರು ಹೇಳುವ ಆ್ಯಪ್. ಕಲಿಯಲು ಒಳ್ಳೆಯದೇ. ಆದರೆ ಅದು ಹೇಳಿದ ಹೆಸರನ್ನು ಹಾಗೇ ಪಟ್ಟಿಗೆ ಸೇರಿಸಬೇಡ. ಹಕ್ಕಿಯನ್ನು ಕಣ್ಣಾರೆ ನೋಡು, ಇಲ್ಲವೇ ಆ ದನಿ ನಿನಗೇ ಗುರುತು ಸಿಗಬೇಕು. ಆಮೇಲೆ ಇಬರ್ಡ್‌ಗೆ, ಅಂದರೆ ಎಲ್ಲರೂ ತಾವು ನೋಡಿದ ಹಕ್ಕಿಗಳ ಲೆಕ್ಕ ಸೇರಿಸುವ ಆನ್‌ಲೈನ್ ಪಟ್ಟಿಗೆ, ಹಾಕು. ಗೊರವಂಕವನ್ನೂ ಎಣಿಸಿ ಹಾಕು, ಬಿಡಬೇಡ. ಇವತ್ತು ಸಾಮಾನ್ಯ ಅನ್ನಿಸುವ ಹಕ್ಕಿಯ ಲೆಕ್ಕ ಯಾರೂ ಇಡದಿದ್ದರೆ, ಅದು ಕಡಿಮೆಯಾದಾಗ ನಮಗೆ ತಿಳಿಯುವುದೇ ಇಲ್ಲ. ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ್ದರಿಂದಲೇ ಆಗ ಏನಿತ್ತು ಅಂತ ನಮಗೆ ಗೊತ್ತಾಗಿರುವುದು.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಹಕ್ಕಿಯ ದನಿಯನ್ನು ಮೊಬೈಲಿನಲ್ಲಿ ಹಾಕಿ ಅದನ್ನು ಕರೆಸಬೇಡ. ಈಗ ಅವು ಜಾಗ ಹಿಡಿದು, ಜೋಡಿ ಕಟ್ಟಿ, ಗೂಡು ಮಾಡುವ ಹೊತ್ತು. ಸುಳ್ಳು ದನಿ ಕೇಳಿದ ಗಂಡು, ಎದುರಾಳಿ ಬಂದ ಅಂದುಕೊಂಡು ತಿನ್ನುವುದು ಬಿಟ್ಟು ಓಡಿ ಬರುತ್ತದೆ. ನಿನ್ನ ಗುಂಪಿನಲ್ಲಿ ಯಾರಾದರೂ ಹಾಗೆ ಮಾಡಿದರೆ ಬೇಡ ಅಂತ ಹೇಳು, ದೊಡ್ಡವರಾದರೂ ಸರಿ. ಪೊದೆಯಲ್ಲಿ ಗೂಡು ಕಂಡರೆ ಹತ್ತಿರ ಹೋಗಿ ಎಲೆ ಸರಿಸಿ ಫೋಟೋ ತೆಗೆಯಬೇಡ. ಕಾಗೆ, ಕೆಂಬೂತಗಳು ನೋಡುತ್ತಲೇ ಇರುತ್ತವೆ. ಕೊಕ್ಕಿನಲ್ಲಿ ಹುಳು ಹಿಡಿದ ಹಕ್ಕಿ ಗೂಡಿಗೆ ಹೋಗದೆ ನಿನ್ನ ಸುತ್ತಲೇ ಚಡಪಡಿಸುತ್ತಿದ್ದರೆ ನೀನು ತುಂಬಾ ಹತ್ತಿರ ಬಂದಿದ್ದೀಯ ಅಂತ ಅರ್ಥ. ಹಿಂದೆ ಸರಿ. ಕೋತಿಗೆ ತಿಂಡಿ ಹಾಕಬೇಡ, ಅವು ಗೂಡಿನ ಮೊಟ್ಟೆಗೂ ಕೈ ಹಾಕುತ್ತವೆ. ಬೆಟ್ಟದ ಹುಲ್ಲು ಈಗ ಪೂರ್ತಿ ಒಣಗಿರುತ್ತದೆ. ಗೌಜಲ, ಇರುಳಲ್ಲಿ ಹಾರುವ ನತ್ತಿಂಗ ಎಲ್ಲ ಮೊಟ್ಟೆ ಇಡುವುದು ನೆಲದ ಮೇಲೆಯೇ. ಎಲ್ಲಾದರೂ ಹೊಗೆ ಕಂಡರೆ ಕೂಡಲೇ ಅರಣ್ಯ ಇಲಾಖೆಗೆ ಫೋನ್ ಮಾಡು.

ನವರಂಗದ ಆಸೆ ತಪ್ಪಲ್ಲ. ನನಗೂ ಅದು ಪ್ರಾಣ. ಚಳಿಗಾಲವನ್ನು ದಕ್ಷಿಣದಲ್ಲಿ ಕಳೆದು ಬೇಸಿಗೆಯಲ್ಲಿ ಉತ್ತರಕ್ಕೆ ಹೊರಡುವ ಹಕ್ಕಿ. ಮರದ ಮೇಲೆ ಹುಡುಕಬೇಡ. ನೆರಳಲ್ಲಿ, ಪೊದೆಯ ಬುಡದಲ್ಲಿ ತರಗೆಲೆ ತಿರುವಿ ಹಾಕುತ್ತಿರುತ್ತದೆ. ಸರಸರ ಸದ್ದಾದರೆ ಎದ್ದು ನಿಲ್ಲಬೇಡ, ಕೂತಲ್ಲೇ ಕಣ್ಣು ಹಾಯಿಸು.

ಭಾನುವಾರ ಬಿಡು, ಜನ ಜಾಸ್ತಿ. ವಾರದ ದಿನ, ಬೆಳಕು ಹರಿದ ಮೇಲೆಯೇ ಹೊರಡು, ಗೆಳತಿಯನ್ನು ಕರೆದುಕೋ. ಅಲ್ಲಿ ಚಿರತೆ ಇದೆ, ಕತ್ತಲಲ್ಲಿ ಒಂಟಿಯಾಗಿ ಹೋಗುವುದು ಬೇಡವೇ ಬೇಡ. ಮೆಟ್ಟಿಲು ಬಿಟ್ಟು ಕಾಡಿನೊಳಗೆ ಇಳಿಯಬೇಡ. ನೀರಿನ ಬಾಟಲಿ, ಟೋಪಿ ಮರೆಯಬೇಡ. ಬೈನಾಕ್ಯುಲರ್ ಕೊಳ್ಳುವುದಾದರೆ 8x42 ನೋಡು, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು. ಕೈ ನಡುಗಿದರೂ ಚಿತ್ರ ಅಷ್ಟು ಅಲುಗಾಡುವುದಿಲ್ಲ. ಅಲ್ಲಿಯವರೆಗೆ ನನ್ನ ಹಳೆಯದನ್ನು ನಿಮ್ಮಪ್ಪ ಬಂದಾಗ ಕೊಟ್ಟು ಕಳಿಸುತ್ತೇನೆ.

ಯುಗಾದಿಗೆ ಊರಿಗೆ ಬರುವಾಗ ನಿನ್ನ ನೋಟ್‌ಬುಕ್ ತಾ. ಮೂರು ಪಿಕಳಾರಗಳಲ್ಲಿ ಯಾವ್ಯಾವುದು ಸಿಕ್ಕಿತು ಅಂತ ನಾನು ಮೊದಲು ಅದನ್ನೇ ಕೇಳುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ