ವರ್ಷಕ್ಕೊಮ್ಮೆ ಕೊಳ್ಳುವ ಪದ್ಧತಿ ಇನ್ನು ನಡೆಯದು

ಮಾನ್ಯ ಸಂಪಾದಕರೇ,

ನಮ್ಮ ಊರಿನ ಪತ್ತಿನ ಸಹಕಾರ ಸಂಘವೊಂದರ ಜಾಲತಾಣವನ್ನು ತೆರೆಯಹೋದ ಸದಸ್ಯರಿಗೆ ಕಳೆದ ದೀಪಾವಳಿಯ ವೇಳೆ ಮೂರು ದಿನ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆಯೇ ಕಾಣುತ್ತಿತ್ತು. ತಾಣ ಅಸಲಿಯೆಂದು ಬ್ರೌಸರ್‌ಗೆ ತೋರಿಸಿ, ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಯುವ ಎಸ್‌ಎಸ್‌ಎಲ್ ಪ್ರಮಾಣಪತ್ರದ ಅವಧಿ ಮುಗಿದಿತ್ತು. ನವೀಕರಣದ ನೆನಪೋಲೆಗಳೆಲ್ಲ ಆರು ತಿಂಗಳ ಹಿಂದೆ ಕೆಲಸ ಬಿಟ್ಟಿದ್ದ ಗುಮಾಸ್ತರ ಇಮೇಲಿಗೆ ಹೋಗಿ ಬಿದ್ದಿದ್ದವು. ಕೌಂಟರಿನಲ್ಲಿದ್ದವರು ‘ಅಡ್ವಾನ್ಸ್ಡ್ ಒತ್ತಿ ಮುಂದೆ ಹೋಗಿ, ಏನೂ ಆಗುವುದಿಲ್ಲ’ ಎನ್ನುತ್ತಿದ್ದರು. ಪ್ರಮಾಣಪತ್ರ ಮುಗಿದದ್ದಕ್ಕಿಂತ ನನಗೆ ದಿಗಿಲು ಹುಟ್ಟಿಸಿದ್ದು ಈ ಸಲಹೆ, ಏಕೆಂದರೆ ನಾಳೆ ನಕಲಿ ತಾಣವೊಂದರಲ್ಲಿ ಇದೇ ಎಚ್ಚರಿಕೆ ಬಂದಾಗಲೂ ಆ ಸದಸ್ಯರು ಅದೇ ಗುಂಡಿ ಒತ್ತುತ್ತಾರೆ.

ವರ್ಷಕ್ಕೊಮ್ಮೆ ಮಾಡುವ ಕೆಲಸವೇ ಹೀಗೆ ತಪ್ಪಿಹೋಗುವಲ್ಲಿ ಮುಂದಿನ ದಿನಗಳು ಇನ್ನೂ ಕಠಿಣವಾಗಿವೆ. ಬ್ರೌಸರ್ ತಯಾರಕರೂ ಪ್ರಮಾಣಪತ್ರ ನೀಡುವ ಸಂಸ್ಥೆಗಳೂ ಸದಸ್ಯರಾಗಿರುವ ಸಿಎ/ಬ್ರೌಸರ್ ಫೋರಂ, ಆಪಲ್ ಮಂಡಿಸಿದ ಪ್ರಸ್ತಾವವನ್ನು 2025ರ ಏಪ್ರಿಲ್‌ನಲ್ಲಿ ಅಂಗೀಕರಿಸಿತು. ಅದರಂತೆ 398 ದಿನಗಳಿದ್ದ ಪ್ರಮಾಣಪತ್ರದ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನಕ್ಕೆ, 2027ರ ಅದೇ ದಿನದಿಂದ 100 ದಿನಕ್ಕೆ, 2029ರ ಮಾರ್ಚ್‌ನಿಂದ 47 ದಿನಕ್ಕೆ ಇಳಿಯುತ್ತದೆ. ಡೊಮೈನ್ (ತಾಣದ ವಿಳಾಸ) ತಮ್ಮದೆಂದು ಒಮ್ಮೆ ತೋರಿಸಿಕೊಟ್ಟ ಪುರಾವೆಯಂತೂ ಆಗ 10 ದಿನ ಮಾತ್ರ ಚಾಲ್ತಿಯಲ್ಲಿರುತ್ತದೆ.

ಇದು ಪ್ರಮಾಣಪತ್ರ ಮಾರುವವರ ವ್ಯಾಪಾರದ ತಂತ್ರವೆಂಬ ಗುಮಾನಿ ನನ್ನ ಸಹೋದ್ಯೋಗಿಗಳಲ್ಲೂ ಇದೆ, ನಾನು ಒಪ್ಪುವುದಿಲ್ಲ. ಒಮ್ಮೆ ಹೊರಟ ಪ್ರಮಾಣಪತ್ರವನ್ನು ರದ್ದುಪಡಿಸಿದರೂ ಆ ಸುದ್ದಿ ಎಲ್ಲ ಬ್ರೌಸರ್‌ಗಳಿಗೂ ನೆಚ್ಚುವಂತೆ ಮುಟ್ಟುವುದಿಲ್ಲವೆಂಬುದು ಈ ವ್ಯವಸ್ಥೆಯ ಹಳೆಯ ರೋಗ. 2014ರಲ್ಲಿ ನಮ್ಮ ದೇಶದ ಸರ್ಕಾರಿ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿಯ ಪ್ರಮಾಣೀಕರಣ ವಿಭಾಗದಿಂದ ಗೂಗಲ್‌ನ ಡೊಮೈನ್‌ಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಟದ್ದು ಬಯಲಾದಾಗ, ಅವನ್ನು ತಡೆಯಲು ಬ್ರೌಸರ್‌ಗಳಲ್ಲಿಯೇ ಪ್ರತ್ಯೇಕ ಕ್ರಮ ಕೈಗೊಳ್ಳಬೇಕಾಯಿತು. ಪ್ರಮಾಣಪತ್ರದ ಆಯುಷ್ಯ ಕಡಿಮೆಯಾದಷ್ಟೂ, ಅದರ ಜೊತೆಗಿರುವ ಗುಪ್ತ ಕೀಲಿಯನ್ನು ಕದ್ದವರಿಗೆ ಅದರ ಬೆಲೆಯೂ ಕಡಿಮೆ.

ಪರಿಹಾರ ಹೊಸದೇನಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದಲೇ 90 ದಿನಗಳ ಪ್ರಮಾಣಪತ್ರವನ್ನು ಉಚಿತವಾಗಿ ನೀಡುತ್ತ ಬಂದಿದೆ. ಸರ್ವರ್ ತಾನಾಗಿಯೇ ಕೇಳಿ ಪಡೆಯುವ ‘ಆಕ್ಮೆ’ ವಿಧಾನ 2019ರಲ್ಲಿ ಅಂತರ್ಜಾಲದ ಮಾನದಂಡವಾಯಿತು. ಆದರೆ ಸ್ವಯಂಚಾಲನೆ ಹಾಕಿ ಮರೆತುಬಿಡುವಂತಿಲ್ಲ. ಹೊಸ ಪ್ರಮಾಣಪತ್ರ ಡಿಸ್ಕಿಗೆ ಬಂದಿದ್ದರೂ ವೆಬ್ ಸರ್ವರನ್ನು ರೀಲೋಡ್ ಮಾಡದ ಕಾರಣ ಅದು ಹಳೆಯದನ್ನೇ ತೋರಿಸುತ್ತ ಕುಳಿತಿದ್ದನ್ನು ನಾನು ಒಂದಲ್ಲ, ಹಲವು ಸಲ ಕಂಡಿದ್ದೇನೆ. ಆದ್ದರಿಂದ ಫೈಲಿನ ದಿನಾಂಕವನ್ನಲ್ಲ, ಹೊರಗಿನಿಂದ ತಾಣವನ್ನು ತೆರೆದಾಗ ಕಾಣುವ ದಿನಾಂಕವನ್ನು ಪರೀಕ್ಷಿಸಬೇಕು. ಹಳೆಯ ಫೈರ್‌ವಾಲ್, ಮೇಲ್ ಸರ್ವರ್‌ಗಳ ಮೂಲೆಗಳಲ್ಲಿ ಕೂತಿರುವ ಪ್ರಮಾಣಪತ್ರಗಳನ್ನು ಮೊದಲು ಪಟ್ಟಿ ಮಾಡಬೇಕು. ಎಷ್ಟೋ ಕಡೆ ಆ ಪಟ್ಟಿಯೇ ಇಲ್ಲ. ನೆನಪೋಲೆಯನ್ನು ನೆಚ್ಚುವ ಕಾಲವೂ ಮುಗಿಯಿತು: ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ಅದನ್ನು ನಿಲ್ಲಿಸಿದೆ.

ನಮ್ಮ ಸಂಘಗಳು, ಶಾಲೆಗಳು, ಸ್ಥಳೀಯ ಸಂಸ್ಥೆಗಳು ಜಾಲತಾಣ ನಿರ್ವಹಣೆಗೆ ದರಪಟ್ಟಿ ಕರೆಯುವಾಗ ‘ಎಸ್‌ಎಸ್‌ಎಲ್, ಒಂದು ವರ್ಷ’ ಎಂಬ ಸಾಲನ್ನು ಕೈಬಿಟ್ಟು, ಸ್ವಯಂ ನವೀಕರಣವನ್ನೂ ಅದು ವಿಫಲವಾದರೆ ಒಬ್ಬರಲ್ಲ, ಇಬ್ಬರಿಗೆ ಸೂಚನೆ ಹೋಗುವ ಏರ್ಪಾಡನ್ನೂ ಷರತ್ತಾಗಿ ಸೇರಿಸಬೇಕೆಂದು ಕೋರುತ್ತೇನೆ. ಈಗ ಮೂರು ವರ್ಷಕ್ಕೆ ಬರೆದುಕೊಳ್ಳುವ ಯಾವ ಗುತ್ತಿಗೆಯೂ 100 ದಿನದ ಹಂತವನ್ನು ದಾಟಿಯೇ ಮುಗಿಯಬೇಕು.

ಇತಿ,
ಜಾಲತಾಣ ನಿರ್ವಾಹಕ, ಹಾಸನ